ಮನೆಗೊಂದು ಸೂಜಿ

ಹೋದ ವಾರ ಮೊಮ್ಮಗಳಿಗೆ ಲಸಿಕೆ ಹಾಕಿಸಲು ಕೋಲಾರಕ್ಕೆ ಹೋಗಿದ್ದೆ. ನರ್ಸಮ್ಮ ಹೊಸ ಸಿರಿಂಜಿನ ಕಾಗದ ಹರಿದು, ಹತ್ತಿಗೆ ಸ್ಪಿರಿಟ್ಟು ಸುರಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮುಳಬಾಗಿಲಿನ ನಮ್ಮ ಮನೆಯ ಮುಂದಿನ ಕೋಣೆ ಕಣ್ಣೆದುರು ಬಂತು. "ಇದು ಯಾವುದಕ್ಕಮ್ಮಾ?" ಅಂದೆ. "ಕಾಮಾಲೆಗೆ, ಲಿವರ್ ಕೆಡ್ಸುತ್ತಲ್ಲ, ಅದಕ್ಕೆ" ಅಂದಳು. ಎಷ್ಟು ಸಲೀಸಾಗಿ ಅಂದುಬಿಟ್ಟಳು! ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಆ ಕೋಣೆಯನ್ನು ಬಾಡಿಗೆಗೆ ಹಿಡಿದು ಡಾಕ್ಟರಮ್ಮ ಒಬ್ಬರು ಕ್ಲಿನಿಕ್ ಇಟ್ಟಿದ್ದರು. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ಅದು ಎಪ್ಪತ್ತರ ದಶಕದ ಕೊನೆ. ಕಾಮಾಲೆ ಬಂತೆಂದರೆ ನಮ್ಮ ಕಡೆ ಮೊದಲು ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸುವುದು, ಹಳದಿ ಇಳಿಯದಿದ್ದರೆ ಮುಂಗೈಗೆ ಬರೆ ಹಾಕಿಸುವುದು, ಎಲ್ಲ ಮುಗಿದ ಮೇಲೆ ಅಕ್ಕನ ಬಾಗಿಲು ತಟ್ಟುವುದು. ಹೆಂಡ ಮುಟ್ಟದ ಗಂಡಸರೂ ಹೊಟ್ಟೆ ಊದಿಸಿಕೊಂಡು ಬರುತ್ತಿದ್ದರು. "ಇದು ಎಲ್ಲಿಂದ ಬರುತ್ತೆ ಅಂತಾನೇ ಗೊತ್ತಾಗ್ದೆ ಏನ್ ಔಷಧಿ ಕೊಡ್ಲಿ ಹೇಳು!" ಎಂದು ಅಕ್ಕ ನನ್ನ ಮೇಲೆ ರೇಗುತ್ತಿದ್ದರು, ರೋಗವನ್ನು ನಾನೇ ತಂದಿಟ್ಟ ಹಾಗೆ.

ಎಂಬತ್ತರ ದಶಕ ಶುರುವಾದಾಗ, ಅವರಿಗೆ ಪಾಠ ಹೇಳಿದ್ದ ಮೇಷ್ಟ್ರೊಬ್ಬರು ಓಡಾಡಿ, ಇದೇ ರೋಗದ ವಿಷಯ ಕಲಿತು ಬರಲು ಅಕ್ಕನನ್ನು ಜಪಾನಿಗೆ ಕಳಿಸಿದರು. ಬೀದಿಯವರೆಲ್ಲ ಬಸ್ ಸ್ಟ್ಯಾಂಡಿಗೆ ಹೋಗಿ ಹಾರ ಹಾಕಿ ಬೀಳ್ಕೊಟ್ಟೆವು. ಕೆಲವು ತಿಂಗಳಾದ ಮೇಲೆ ಬಂದ ಅಕ್ಕ ಮಾತು ಕಡಿಮೆ ಮಾಡಿದ್ದರು. ಅಲ್ಲಿನ ಊಟ ಒಗ್ಗಿಲ್ಲವೇನೋ ಅಂದುಕೊಂಡೆ... ಒಂದು ಮಧ್ಯಾಹ್ನ ತಾವೇ ಹೇಳಿದರು. ಅಲ್ಲಿ ಪರೀಕ್ಷೆ ಮಾಡುವುದನ್ನು ಕಲಿಯಲು ಎಲ್ಲರೂ ತಮ್ಮ ತಮ್ಮ ರಕ್ತವನ್ನೇ ನೋಡಬೇಕಿತ್ತಂತೆ. ಅಕ್ಕನ ರಕ್ತದಲ್ಲಿ ರೋಗ ಇತ್ತು.

"ಯಾವ ಕಾಲದ್ದೋ, ಯಾವ ಸೂಜಿಯಿಂದ ಬಂತೋ ಗೊತ್ತಿಲ್ಲ ಕಣೇ. ಮುಟ್ಟಿದ್ರೆ ಬರಲ್ಲ, ಜೊತೇಲಿ ಉಂಡ್ರೆ ಬರಲ್ಲ. ರಕ್ತದಿಂದ ಬರುತ್ತೆ. ಯಾರಿಗೂ ಹೇಳ್ಬೇಡ. ಜನ ನನ್ನ ಬಿಟ್ರೆ ಆ ಸೈಕಲ್ ಡಾಕ್ಟರ ಸೂಜಿಗೇ ಕೈ ಒಡ್ತಾರೆ."

ಸೈಕಲ್ ಡಾಕ್ಟರುಗಳೆಂದರೆ ತಾಯಲೂರಿನ ಕಡೆ ಹಳ್ಳಿ ಹಳ್ಳಿ ಸುತ್ತಿ, ಒಂದೇ ಸೂಜಿಯನ್ನು ಬಿಸಿನೀರಿಗೆ ಅದ್ದಿ ಸಾಲಾಗಿ ಚುಚ್ಚುತ್ತಾ ಹೋಗುವವರು. ಚುಚ್ಚದ ಡಾಕ್ಟರು ನಮ್ಮ ಜನರಿಗೆ ಡಾಕ್ಟರೇ ಅಲ್ಲ. ಅವರನ್ನು ತಡೆಯುವುದು ಆಗದ ಮಾತು ಎಂದು ಅಕ್ಕ ಒಂದು ಉಪಾಯ ಹುಡುಕಿದರು. ಮನೆಗೊಂದು ಸಿರಿಂಜು, ಸೂಜಿ ಇಟ್ಟುಕೊಳ್ಳಿ, ಎಲ್ಲಿ ಹೋದರೂ ಚುಚ್ಚುವವರ ಕೈಗೆ ನಿಮ್ಮದನ್ನೇ ಕೊಡಿ, ಪ್ರತಿ ಸಲವೂ ಚೆನ್ನಾಗಿ ಕುದಿಸಿ ಎಂದು ಮನೆ ಮನೆಗೆ ಹೋಗಿ ಹೇಳಿದರು.

ಜನ ಖುಷಿಯಿಂದಲೇ ಕೊಂಡು ತಂದರು. ಆಯುಧಪೂಜೆಯ ದಿನ ಕುಡುಗೋಲಿನ ಪಕ್ಕದಲ್ಲಿ ಸಿರಿಂಜಿಗೂ ಕುಂಕುಮ ಬಿತ್ತು. ಆದರೆ ಇಟ್ಟುಕೊಂಡು ಇಲ್ಲ ಅನ್ನುವುದು ನಮ್ಮ ಬೀದಿಗೆ ಬರುವುದಿಲ್ಲವಲ್ಲ! ಹೆಪ್ಪು ಕೇಳಿದರೆ ಕೊಡುವ ಹಾಗೆ ಸೂಜಿಯನ್ನೂ ಕೊಡತೊಡಗಿದರು. ನಮ್ಮತ್ತೆ ಎಲ್ಲರಿಗಿಂತ ಮುಂದು. ಕಣ್ಣು ಹಳದಿಯಾದವರ ಮನೆಗೂ ಹೋಗಿಬಂದ ಸೂಜಿ ಮತ್ತೊಂದು ಮನೆಗೆ ಹೊರಟಿದ್ದನ್ನು ಅಕ್ಕ ಕಣ್ಣಾರೆ ಕಂಡರು.

"ದೊಡ್ಡಮ್ಮಾ, ಅದು ನಿಮ್ಮನೆಯೋರಿಗೆ ಮಾತ್ರ ಅಂದಿದ್ನಲ್ಲ!"

"ಅಯ್ಯೋ ತಲ್ಲಿ, ಪಕ್ಕದ್ಮನೆ ಮಗು ಜ್ವರದಲ್ಲಿ ಬೇಯ್ತಾ ಐತೆ. ಹೆಂಗಮ್ಮ ಇಲ್ಲ ಅನ್ನೋದು? ತೊಳ್ದೇ ಕೊಟ್ಟಿದೀನಿ" ಅಂದರು ಅತ್ತೆ.

ತೊಳೆದು! ಅಕ್ಕ ಹಣೆ ಚಚ್ಚಿಕೊಂಡರು. ಆ ಭಾನುವಾರ ಬೀದಿಯವರನ್ನೆಲ್ಲ ನಮ್ಮ ಮನೆ ಮುಂದೆ ಸೇರಿಸಿದರು. ನಾನು ಸೆರಗು ಹಿಡಿದು ಜಗ್ಗಿದೆ, ನಿಲ್ಲಲಿಲ್ಲ. "ನಾಕೂ ಉಂದಿ ಈ ಪಚ್ಚಕಾಮೆರ್ಲು" ಎಂದು ತೆಲುಗಿನಲ್ಲಿ ಹೇಳಿ, ಕನ್ನಡದಲ್ಲೂ ಹೇಳಿದರು, ನನಗೂ ಇದೆ ಈ ಕಾಮಾಲೆ, ಸೂಜಿಯಿಂದ ಬಂದಿದೆ, ನನ್ನನ್ನು ನೋಡಿಯಾದರೂ ಬಿಡಿ ಎಂದು. ಜನ ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು. ಅರ್ಥವಾಯಿತು ಅಂತಲೇ ಅಕ್ಕ ಅಂದುಕೊಂಡರು.

ಮಾರನೆಯ ದಿನ ಕ್ಲಿನಿಕ್ಕಿನ ಬೆಂಚು ಖಾಲಿ. ಅದರ ಮಾರನೆಯ ದಿನವೂ ಖಾಲಿ... ಅಕ್ಕನನ್ನು ಮಗಳಂತೆ ಕಂಡಿದ್ದ ಅತ್ತೆ ಅವರ ಕಾಫಿ ಲೋಟವನ್ನು ಬೇರೆ ಇಟ್ಟರು. ಸೂಜಿ ಮಾತ್ರ ಮನೆಯಿಂದ ಮನೆಗೆ ಓಡಾಡುತ್ತಲೇ ಇತ್ತು. ಮುಟ್ಟಿದರೆ ಬಾರದ ರೋಗಕ್ಕೆ ಮುಟ್ಟಲು ಹೆದರಿದರು, ಬರುವ ದಾರಿಯನ್ನು ಕೈಯಾರೆ ಹಂಚಿದರು. ನಾನು ಅತ್ತೆಯ ಹತ್ತಿರ ಜಗಳವಾಡಿದೆ, ಬೀದಿಯವರ ಹತ್ತಿರ ಜಗಳವಾಡಿದೆ, ಅದರಿಂದ ಏನೂ ಆಗಲಿಲ್ಲ.

ಅಕ್ಕ ಬೋರ್ಡು ಬಿಚ್ಚಿಕೊಂಡು ಶ್ರೀನಿವಾಸಪುರದ ಕಡೆಯ ತಮ್ಮ ತವರಿಗೆ ಹೊರಟುಹೋದರು. ಕೆಲವು ವರ್ಷಗಳ ಮೇಲೆ ನೋಡಲು ಹೋದಾಗ ಅವರ ಹೊಟ್ಟೆಯೂ ಊದಿತ್ತು. "ಅಲ್ಲಿ ಈಗ್ಲೂ ಸೂಜಿ ಕೊಡ್ತಾರೇನೇ?" ಎಂದು ಕೇಳಿದರು. ನಾನು ಇಲ್ಲ ಅಂದೆ. ನಂಬಿದರೋ ಇಲ್ಲವೋ... ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು.

ಇಷ್ಟು ವರ್ಷವಾದರೂ ಅವರಿಲ್ಲದ ಸಂಕಟ ಹೋಗಿಲ್ಲ, ಸಿಟ್ಟೂ ಹೋಗಿಲ್ಲ. ಆ ಬೀದಿಯ ಹಳಬರು ಯಾರಾದರೂ ಸಿಕ್ಕಿದರೆ ಅಕ್ಕನ ಮಾತು ಬಂದೇ ಬರುತ್ತದೆ. "ಒಳ್ಳೆ ಕೈಗುಣ ಕಣಮ್ಮ ಆಯಮ್ಮಂದು. ಪಾಪ, ಜಪಾನಿಗೆ ಹೋಗಿ ಆ ರೋಗ ಅಂಟಿಸ್ಕೊಂಡು ಬಂದ್ಬಿಟ್ರು" ಅನ್ನುತ್ತಾರೆ. ಅಲ್ಲ, ಇಲ್ಲಿಂದಲೇ ತೆಗೆದುಕೊಂಡು ಹೋಗಿದ್ದರು ಎಂದು ನಾನು ಪ್ರತಿ ಸಲವೂ ಹೇಳುತ್ತೇನೆ. ತಲೆಯಾಡಿಸುತ್ತಾರೆ, ಆಮೇಲೆ ಮಕ್ಕಳು ಹೇಗಿದ್ದಾರೆ ಎಂದು ಕೇಳುತ್ತಾರೆ.