ಯಾವ ಗುಂಪಿಗೂ ಸೇರದ ರೋಗಾಣು

ಮುಡಬಿಯ ಕಾಂತಾಬಾಯಿ ಸೊಸೆಯಾಗಿ ಬಂದ ಮನೆಯಲ್ಲಿ ಹಂದಿ ಸಾಕುತ್ತಿದ್ದರು. ಅವಳ ಗಂಡ ಮಚ್ಚೇಂದ್ರ ದೂರದಿಂದಲೇ ಕೂಗು ಕೇಳಿ ಯಾವ ಹಂದಿ ಎಂದು ಹೇಳಬಲ್ಲವನಾಗಿದ್ದ.

1969ರ ಚಳಿಗಾಲದಲ್ಲಿ ಒಂದು ಮರಿ ಮಗ್ಗುಲಾಗಿ ಬಿದ್ದು, ನಡುಗುತ್ತ ಗಾಳಿಯಲ್ಲಿ ಕಾಲಾಡಿಸತೊಡಗಿತು.

‘ಹ್ಯಾಂಗೂ ಸಾಯ್ತದ. ಅದಕ್ಕ ಮೊದಲ ಕೊಯ್ದುಬಿಡ್ರಿ’ ಎಂದಳು ಕಾಂತಾಬಾಯಿ.

ಮಚ್ಚೇಂದ್ರನಿಗೆ ಮನಸ್ಸಿರಲಿಲ್ಲ. ಆದರೂ ಕೊಯ್ದ. ಚೂರಿ ಜಾರಿ ಹೆಬ್ಬೆರಳಿಗೆ ತಾಗಿತು. ಅರಿವೆ ಸುತ್ತಿಕೊಂಡು ಕೆಲಸ ಮುಗಿಸಿದ.

ಮೂರನೆಯ ದಿನ ಜ್ವರ ಬಂತು. ಕುತ್ತಿಗೆ ಸೆಟೆಯಿತು. ಬೀದರಿನ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಮಲಗಿ ಜೀವವೇನೋ ಉಳಿಸಿಕೊಂಡ. ಕಿವಿ ಎರಡೂ ಹೋಗಿದ್ದವು. ನಡೆದರೆ ತೂರಾಡುತ್ತಿದ್ದ. ಗೊತ್ತಿಲ್ಲದವರು ಕುಡುಕನೆಂದು ಬೈಯುತ್ತಿದ್ದರು.

ಅಷ್ಟರಲ್ಲಿ ಇನ್ನೊಂದು ಮರಿಯೂ ಸತ್ತಿತ್ತು. ಹುಮನಾಬಾದಿನ ಪಶು ಆಸ್ಪತ್ರೆಯ ಕಾಂಪೌಂಡರ್ ಹಬೀಬ್ ಬಂದು ಅದರ ಮಿದುಳಿನ ಚೂರನ್ನು ಶೀಸೆಯಲ್ಲಿ ಹಾಕಿ ದೂರದ ಪ್ರಯೋಗಾಲಯಕ್ಕೆ ಕಳಿಸಿದ್ದ. ನಾಲ್ಕು ತಿಂಗಳಿಗೆ ಬಂದ ಉತ್ತರವನ್ನು ಅವನೇ ಕಾಂತಾಬಾಯಿಗೆ ತಿಳಿಸಿದ.

‘ಸ್ಟ್ರೆಪ್ಟೋಕಾಕಸ್ ಅಂತಾರಲ್ಲ, ಆ ರೋಗಾಣುಗಳ ಪೈಕಿ ಅದ. ಆದ್ರ ಗೊತ್ತಿರೋ ಯಾವ ಗುಂಪಿಗೂ ಸೇರವಲ್ದಂತ. ಹೆಸರಿಲ್ಲ.’

‘ಇವ್ರಿಗಿ ಅದರಿಂದಾನೇ ಆಯ್ತು ಅಂತ ಹೇಳಾಕ ಬರಂಗಿಲ್ಲೇನ್ರಿ?’

‘ಈಗ ಬರಂಗಿಲ್ಲ ಬಾಯಿ.’

ಕಾಂತಾಬಾಯಿ ಆ ಉತ್ತರವನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಗಾಳಿ ಸೋಕಿತೆಂದವರಿಗೂ ಹೌದೆಂದು ತಲೆಯಾಡಿಸಿದಳು, ಸೂಜಿಮದ್ದು ಹೆಚ್ಚಾಯಿತೆಂದವರಿಗೂ ತಲೆಯಾಡಿಸಿದಳು. ಹಂದಿಗಳನ್ನು ಮಾರಿ ಕಂಡವರ ಹೊಲಕ್ಕೆ ಕಳೆ ಕೀಳಲು ಹೋದಳು. ರೊಟ್ಟಿ, ನೀರು, ಬಸ್ಸು, ನಿದ್ದೆ ಎಲ್ಲಕ್ಕೂ ಗಂಡಹೆಂಡಿರ ನಡುವೆ ಒಂದೊಂದು ಕೈಸನ್ನೆ ಹುಟ್ಟಿತು. ಕೊಯ್ಯಿರೆಂದು ಹೇಳಿದವಳು ತಾನೆಂಬುದನ್ನು ಅವಳು ಯಾರ ಮುಂದೆಯೂ ಆಡಲಿಲ್ಲ. ಅವನೂ ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ.

1988ರಲ್ಲಿ ಎಮ್ಮೆಗಳಿಗೆ ಲಸಿಕೆ ಹಾಕಲು ಬಂದ ಹಬೀಬ್ ಅವರ ಕಟ್ಟೆಯ ಮೇಲೆ ಕುಳಿತ. ಅವನ ಗಡ್ಡ ಬೆಳ್ಳಗಾಗಿತ್ತು.

‘ನೆನಪದೇನು ಬಾಯಿ, ಆ ರೋಗಾಣು? ಅಂಥದ್ದನ್ನ ಹೋದ ವರ್ಷ ವಿಜ್ಞಾನಿಗಳು ಬ್ಯಾರೆ ಪ್ರಭೇದ ಅಂತ ಒಪ್ಪಿ ಹೆಸರು ಖಾಯಂ ಮಾಡ್ಯಾರಂತ. ತರಬೇತಿಯಾಗ ಹೇಳಿದ್ರು. ಸ್ಟ್ರೆಪ್ಟೋಕಾಕಸ್ ಸುಯಿಸ್.’

‘ಸುಯಿಸ್ ಅಂದ್ರ?’

‘ಹಂದೀದು ಅಂತ. ಕೊಯ್ಯೋರ ಗಾಯದಾಗ ಹೊಕ್ಕು ಕಿವಿ ತೆಗೀತದಂತ. ನಮ್ಮ ಶೀಸೆ ಯಾವಾಗೋ ಚೆಲ್ಲಿರ್ತಾರ, ಖಾತ್ರಿ ಹೇಳಾಕ ಬರಂಗಿಲ್ಲ. ಆದ್ರ ಲಕ್ಷಣ ಎಲ್ಲಾ ಅವೇ.’

ಹತ್ತೊಂಬತ್ತು ವರ್ಷ ಕಾಂತಾಬಾಯಿ ಕೇಳಬಾರದೆಂದುಕೊಂಡಿದ್ದ ಮಾತು ಅದೇ.

ಮಚ್ಚೇಂದ್ರ ಇಬ್ಬರ ತುಟಿಗಳನ್ನೂ ನೋಡುತ್ತಿದ್ದ. ‘ಏನಂತಾರ?’ ಎಂದು ಜೋರಾಗಿ ಕೇಳಿದ.

ಇದಕ್ಕೆ ಅವರಲ್ಲಿ ಸನ್ನೆ ಇರಲಿಲ್ಲ. ಅವಳು ಎದೆಗೆ ಬೆರಳೊತ್ತಿಕೊಂಡು, ‘ನಾನೇ ರೀ, ನಾನೇ ಕೊಯ್ರಿ ಅಂದಾಕಿ’ ಎಂದು ಅತ್ತಳು.

ಅವನು ಗಾಬರಿಯಾಗಿ ಹಬೀಬನತ್ತ ತಿರುಗಿದ. ‘ಸಾಬ್, ಇಕಿ ಎದಿ ನೋಯಾಕತ್ತದಂತ. ಒಂದು ಗುಳಿಗಿ ಇದ್ರ ಕೊಡ್ರಿ.’

ಚೀಲದಲ್ಲಿ ದನದ ಔಷಧಿಯಷ್ಟೇ ಇತ್ತು. ಇಲ್ಲವೆಂದು ಹಬೀಬ್ ಕೈಯಾಡಿಸಿದ.

ಮಚ್ಚೇಂದ್ರ ಗೋಡೆ ಹಿಡಿದು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದ. ಅರ್ಧ ನೀರು ದಾರಿಯಲ್ಲೇ ಚೆಲ್ಲಿತ್ತು. ಉಳಿದದ್ದನ್ನು ಕಾಂತಾಬಾಯಿ ಕುಡಿದಳು.