ಸೀಟು ಇಳಿಸಿದ್ದು

ಮಿರ್ಲೆಗೆ ಅಂಚೆ ಹಂಚುವ ಕೆಲಸಕ್ಕೆ ಬಂದಾಗ ನನಗೊಂದು ಸೈಕಲ್ ಬೇಕಿತ್ತು. ಪುಟ್ಟಮ್ಮ ಎಂಬುವರು ತೀರಿಹೋದ ಗಂಡನ ಸೈಕಲ್ ಮಾರುತ್ತಾರೆಂದು ತಿಳಿದು ಅವರ ಮನೆಗೆ ಹೋದೆ. ಹತ್ತಿ ಕೂತರೆ ಪೆಡಲು ಕಾಲಿಗೆ ಸರಿಯಾಗಿ ಎಟುಕಲೇ ಇಲ್ಲ.

“ಸೀಟು ಇಳಿಸಬೇಕಾಗುತ್ತಮ್ಮ, ಇಲ್ಲದಿದ್ದರೆ ಸೊಂಟ ಹಿಡಿದುಕೊಳ್ಳುತ್ತೆ,” ಎಂದೆ.

“ನಮ್ಮೆಜಮಾನ್ರು ಉದ್ದಕಿದ್ರು ಕಣ್ರೀ. ಅವ್ರ ಅಳತೆ ಅದು,” ಎನ್ನುತ್ತಾ ಒಳಗಿಂದ ಸ್ಪ್ಯಾನರ್ ತಂದುಕೊಟ್ಟರು. ನಟ್ಟು ತುಕ್ಕು ಹಿಡಿದಿತ್ತು. ನಾನು ಬಡಿದು ಬಡಿದು ಸೀಟು ಇಳಿಸುವಷ್ಟು ಹೊತ್ತೂ ಅವರು ಬಾಯಿಗೆ ಸೆರಗೊತ್ತಿಕೊಂಡು ಗೋಡೆ ಕಡೆ ತಿರುಗಿ ನಿಂತಿದ್ದರು.

“ಈಗ ಸರೋಯ್ತಾ?”

“ಹಾಯಾಗಿದೆ ಅಮ್ಮ,” ಎಂದೆ. ಅಂದ ಮೇಲೆ ಆ ಮಾತು ನನಗೇ ಚುಚ್ಚಿತು.

ಮರುದಿನ ಅವರ ಬೀದಿಯ ತಿರುವಿನಲ್ಲಿ ಬೆಲ್ ಹೊಡೆದೆ. ಸದ್ದು ಕೇಳಿದ್ದೇ ಪುಟ್ಟಮ್ಮ ಒದ್ದೆ ಕೈಯಲ್ಲೇ ಬಾಗಿಲಿಗೆ ಓಡಿಬಂದರು. ನನ್ನನ್ನು ಕಂಡು, “ಓ, ನೀವಾ… ಮರ್ತೇ ಓಗಿತ್ತು ಬುಡಿ,” ಎಂದು ಒಳಗೆ ಹೋದರು.

ಸೈಕಲ್ ಈಗಲೂ ಹಾಯಾಗಿದೆ. ಆ ತಿರುವಿನಲ್ಲಿ ಮಾತ್ರ ನಾನು ಬೆಲ್ ಹೊಡೆಯುವುದಿಲ್ಲ. ಎದುರಿಗೆ ಯಾರಾದರೂ ಬಂದರೆ ಜೋರಾಗಿ ಕೆಮ್ಮುತ್ತೇನೆ. ಪೋಸ್ಟ್‌ಮ್ಯಾನಿಗೆ ಬೇಸಿಗೆಯಲ್ಲೂ ಕೆಮ್ಮು ಬಿಟ್ಟಿಲ್ಲವೆಂದು ಊರವರು ಮಾತಾಡಿಕೊಳ್ಳುತ್ತಾರೆ.