ರೆಪ್ಪೆ ಬಡಿಯದ ಪೂಜೆ

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ತಾಂಡೂರಿನ ನಮ್ಮ ಮನೆಯ ಹಿರಿಯ ಸೊಸೆ ಹೈದರಾಬಾದಿನ ದವಾಖಾನೆಯಿಂದ ರೈಲಿನಲ್ಲಿ ವಾಪಸಾದಳು. ನಾನು ಕಿರಿಯ ಸೊಸೆ. ಹೆರಿಗೆಯ ನಂತರ ಅವಳ ತಲೆ ಕೆಟ್ಟಿತ್ತು. ಕೂಸನ್ನು ಎತ್ತಿಕೊಂಡು ಬಾವಿಕಟ್ಟೆಯವರೆಗೆ ಹೋಗಿದ್ದಳು. ಅಂದಿನಿಂದ ಕೂಸು ನನ್ನ ಮಡಿಲಲ್ಲಿತ್ತು.

ದವಾಖಾನೆಯಲ್ಲಿ ಅವಳ ಹಣೆಗೆ ಕರೆಂಟು ಕೊಟ್ಟಿದ್ದರು. ಕಂದೀಲಿನ ಬೆಳಕಲ್ಲಿ ಕೂತು, ಕರೆಂಟನ್ನೇ ಕಾಣದವರೆಲ್ಲ ಅದರ ಬಗ್ಗೆ ಗಂಟೆಗಟ್ಟಲೆ ಮಾತಾಡಿದರು. "ಫಿಟ್ಸ್ ಬಂದ್ರ ತಡ ಮಾಡಬ್ಯಾಡ್ರಿ, ಕರಕೊಂಡು ಬರ್ರಿ ಅಂತ ಡಾಕ್ಟರ್ ಹೇಳ್ಯಾರ" ಎಂದರು ಅವಳ ಗಂಡ, ನನ್ನ ಭಾವ. ಫಿಟ್ಸ್ ಎಂದರೆ ಕೈಕಾಲು ಬಡಿದುಕೊಂಡು ಬಾಯಲ್ಲಿ ನೊರೆ ಬರುವುದು ಎಂದಷ್ಟೇ ನಮಗೆ ಗೊತ್ತು. ಅದಕ್ಕೇ ಎಲ್ಲರೂ ಕಣ್ಣಿಟ್ಟು ಕಾದೆವು.

ಮರುದಿನ ಬೆಳಗ್ಗೆ ಅವಳು ತಾನಾಗಿ ಮಿಂದು, ವಿಭೂತಿ ಹಚ್ಚಿಕೊಂಡು, ಕೊರಳ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತಳು. ತಿಂಗಳುಗಟ್ಟಲೆ ಲಿಂಗ ಮುಟ್ಟದವಳು! ಅತ್ತೆಗೆ ಕಣ್ಣೀರು ಬಂತು. ಸೊಸೆ ಗುಣವಾದಳೆಂದು ಅವಳ ತವರು ಜಹೀರಾಬಾದಿಗೆ ಸುದ್ದಿ ಕಳಿಸಲು ಹೇಳಿದರು. ಅಂಗೈಯ ಲಿಂಗವನ್ನು ರೆಪ್ಪೆ ಬಡಿಯದೆ ನೋಡುವುದು ನಮ್ಮ ಪೂಜೆಯ ಕ್ರಮ. ಹಾಗೆ ಕೂತವರನ್ನು ಕರೆಯಬಾರದು, ಮುಟ್ಟಬಾರದು.

ಅಡುಗೆ ಮುಗಿಯಿತು, ಅವಳು ಏಳಲಿಲ್ಲ. ಗಂಡಸರ ಊಟವಾಯಿತು, ಆಗಲೂ ಏಳಲಿಲ್ಲ. ನೆರೆಯವರು ಬಂದು ದೂರದಿಂದಲೇ ಕೈಮುಗಿದು ಹೋದರು.

"ಅತ್ತಿ, ಆಕಿ ತುಟಿ ಒಂದ್ ಕಡಿ ಜಗ್ಗಾಕತ್ತದ ನೋಡ್ರಿ," ಎಂದೆ.

"ಮಂತ್ರ ಅನ್ನಾಕತ್ತಾಳ. ಕೂಸು ಕೈ ಬಿಟ್ಟು ಹೋಗ್ತದಂತ ನಿನಗ ಹೊಟ್ಟಿಕಿಚ್ಚು."

ನನಗೆ ಮೈಯೆಲ್ಲ ಉರಿಯಿತು. ಆದರೂ ಹೊಸ್ತಿಲಲ್ಲೇ ಕೂತು ಆ ತುಟಿಯನ್ನೇ ನೋಡಿದೆ. ಒಂದೇ ಮೂಲೆ, ಬಿಡದೆ ಸೆಳೆಯುತ್ತಿತ್ತು. ಮಂತ್ರವಾದರೆ ಉಸಿರಿಗಾದರೂ ನಿಲ್ಲಬೇಕಲ್ಲ! ನನಗೆ ಹೆದರಿಕೆಯಾಯಿತು.

ಮಧ್ಯಾಹ್ನ ಲಿಂಗ ಅಂಗೈಯಿಂದ ಜಾರಿ ನೆಲಕ್ಕೆ ಬಿತ್ತು. ನಮ್ಮಲ್ಲಿ ಲಿಂಗ ಬಿದ್ದರೆ ಜೀವವೇ ಹೋದಂತೆ. ಅತ್ತೆ ಚೀರಿ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡರು. ಅವಳು ಮಾತ್ರ ಬರಿದಾದ ಅಂಗೈಯನ್ನು ಹಾಗೆಯೇ ನೋಡುತ್ತಿದ್ದಳು. ನಾನು ಒಳನುಗ್ಗಿ ಅವಳ ಭುಜ ಹಿಡಿದು ಅಲುಗಾಡಿಸಿದೆ. ದೃಷ್ಟಿ ಕದಲಲಿಲ್ಲ.

ಸಿಕ್ಕ ರೈಲು ಹತ್ತಿಸಿ ಅದೇ ದವಾಖಾನೆಗೆ ಒಯ್ದೆವು. ಇದೂ ಫಿಟ್ಸೇ, ನಡುಕವಿಲ್ಲದೆ ತಲೆಯೊಳಗೇ ನಡೆಯುವಂಥದ್ದು, ಕರೆಂಟು ಕೊಟ್ಟವರಲ್ಲಿ ಅಪರೂಪಕ್ಕೆ ಹೀಗಾಗುತ್ತದೆ ಎಂದು ಡಾಕ್ಟರ್ ಉರ್ದುವಿನಲ್ಲಿ ವಿವರಿಸಿದರು. ಬೆಳಗ್ಗೆಯೇ ತರಬೇಕಿತ್ತು ಎಂದರು.

ಜೀವ ಉಳಿಯಿತು. ಅವಳು ಮನೆಗೆ ಬಂದ ದಿನ ಕೂಸನ್ನು ಅವಳ ಮುಂದೆ ಹಿಡಿದೆ. ಕೂಸು ಕೈಚಾಚಿತು. ಅವಳು ಅದರ ಗಲ್ಲ ಮುಟ್ಟಿ, ಬೀಗರ ಮನೆಗೆ ಬಂದವಳಂತೆ ಮೆಲ್ಲಗೆ ನಕ್ಕಳು.

"ಭಾಳ ಛಂದ ಅದ. ನಿಮ್ಮದೇನ್ರಿ?"